ಹಳೇ ಗಾಡಿ ಕೊಳ್ಳುವ ಮುನ್ನ: ಛಾಸಿ ನಂಬರ್, ಆರ್‌ಸಿ, ಮಾಲೀಕ – ಮೂರನ್ನೂ ತಾಳೆ ನೋಡುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ, ಎಂಜಿನ್ ಸದ್ದು ಕೇಳುತ್ತಾರೆ, ಟೈರ್ ಒದ್ದು ನೋಡುತ್ತಾರೆ. ಎಂಜಿನ್ ಕೆಟ್ಟಿದ್ದರೆ ದುಡ್ಡು ಸುರಿದು ಸರಿಮಾಡಿಸಬಹುದು. ಛಾಸಿ ನಂಬರ್ (ಗಾಡಿಯ ಲೋಹದ ಮೇಲೆ ಹೊಡೆದ ಅದರ ಗುರುತಿನ ಸಂಖ್ಯೆ) ಉಜ್ಜಿ ಬೇರೆ ನಂಬರ್ ಹೊಡೆದ ಗಾಡಿಯನ್ನು ಯಾವ ಮೆಕ್ಯಾನಿಕ್ಕೂ ಸರಿಮಾಡಲಾರ. ಕದ್ದ ಗಾಡಿ ಎಂದು ಗೊತ್ತಾದ ದಿನ ಪೊಲೀಸರು ಅದನ್ನು ಜಪ್ತಿ ಮಾಡುತ್ತಾರೆ. ನೀವು ಪ್ರಾಮಾಣಿಕವಾಗಿ ಪೂರ್ತಿ ದುಡ್ಡು ಕೊಟ್ಟಿದ್ದರೂ ಗಾಡಿ ನಿಮ್ಮದಾಗುವುದಿಲ್ಲ. ಮಾರುವವನಿಗೇ ಇಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ ಎನ್ನುವುದು 1930ರ ಸರಕು ಮಾರಾಟ ಕಾಯ್ದೆಯ 27ನೇ ಸೆಕ್ಷನ್ನಿನ ಮೂಲ ನಿಯಮ. ಕದ್ದ ಮಾಲು ಎಂದು ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಕೂಡ ಮೈಮೇಲೆ ಬರುತ್ತದೆ. ಮಾರುಕಟ್ಟೆ ದರಕ್ಕಿಂತ ತೀರಾ ಕಡಿಮೆಗೆ, ಕಾಗದವಿಲ್ಲದೆ ಕೊಂಡವರು ‘ಗೊತ್ತಿರಲಿಲ್ಲ’ ಎಂದರೆ ನಂಬಿಸುವುದು ಕಷ್ಟ.

ಈ ದಂಧೆಯ ಹಳೇ ವಿದ್ಯೆ ಒಂದಿದೆ, ಅದು ಅರ್ಥವಾದರೆ ಮುಂದಿನ ಪರೀಕ್ಷೆಗಳೆಲ್ಲ ಯಾಕೆ ಎಂದು ತಾನಾಗೇ ತಿಳಿಯುತ್ತದೆ. ಅಪಘಾತದಲ್ಲಿ ನುಜ್ಜುಗುಜ್ಜಾಗಿ ವಿಮಾ ಕಂಪನಿ ‘ಟೋಟಲ್ ಲಾಸ್’ ಎಂದು ಕೈಬಿಟ್ಟ ಕಾರನ್ನು ಗುಜರಿ ಬೆಲೆಗೆ ಕೊಳ್ಳುತ್ತಾರೆ. ಅವರಿಗೆ ಬೇಕಾದದ್ದು ಅದರ ಆರ್‌ಸಿ (ನೋಂದಣಿ ಪತ್ರ) ಮತ್ತು ಛಾಸಿ ನಂಬರ್ ಮಾತ್ರ. ಅದೇ ಮಾಡೆಲ್, ಅದೇ ಬಣ್ಣದ ಇನ್ನೊಂದು ಕಾರು ಕದ್ದು, ಅದರ ನಂಬರ್ ಅಳಿಸಿ, ಗುಜರಿ ಕಾರಿನ ನಂಬರ್ ಹೊಡೆಯುತ್ತಾರೆ. ಈಗ ಕಾಗದ ನೂರಕ್ಕೆ ನೂರು ಅಸಲಿ, ಸರ್ಕಾರಿ ಆ್ಯಪ್‌ನಲ್ಲೂ ಎಲ್ಲ ಹಸಿರು. ಸುಳ್ಳಾಗಿರುವುದು ಕಬ್ಬಿಣ ಮಾತ್ರ. ಆದ್ದರಿಂದ ‘ಆ್ಯಪ್‌ನಲ್ಲಿ ನೋಡಿದೆ, ಕ್ಲಿಯರ್ ಇದೆ’ ಎನ್ನುವುದು ಅರ್ಧ ಪರೀಕ್ಷೆಯೂ ಅಲ್ಲ. ಕಬ್ಬಿಣ, ದಾಖಲೆ, ಮನುಷ್ಯ – ಮೂರೂ ಒಂದಕ್ಕೊಂದು ಕೂಡಬೇಕು.

ಗಾಡಿ ನೋಡಲು ಹೋಗುವ ಮೊದಲೇ

ಫೋನಿನಲ್ಲೇ ಮೂರು ಫೋಟೊ ಕೇಳಿ: ಆರ್‌ಸಿಯ ಎರಡೂ ಬದಿ, ಈಗಿನ ವಿಮಾ ಪಾಲಿಸಿಯ ಮೊದಲ ಪುಟ, ಗಾಡಿಯ ಮೇಲೆ ಹೊಡೆದ ಛಾಸಿ ನಂಬರ್. ಮೊದಲೆರಡು ಕಳಿಸಿ ಮೂರನೆಯದಕ್ಕೆ ‘ಬಂದಾಗ ನೋಡಿ ಸಾರ್’ ಎಂದರೆ ಗಾಬರಿ ಬೇಡ, ಎಷ್ಟೋ ಮಾಲೀಕರಿಗೆ ಅದು ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ. ಆರ್‌ಸಿಯನ್ನೇ ಕಳಿಸಲು ಹಿಂಜರಿದರೆ ಅಲ್ಲಿಗೆ ಬಿಡಿ.

ನೋಂದಣಿ ಸಂಖ್ಯೆಯನ್ನು ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಮೊಬೈಲ್ ನಂಬರಿನಿಂದ ಲಾಗಿನ್ ಆಗಬೇಕು. ಮಾಲೀಕರ ಹೆಸರಿನ ಕೆಲವು ಅಕ್ಷರಗಳನ್ನು ಮುಚ್ಚಿ ತೋರಿಸುತ್ತದೆ, ಆದರೂ ತಾಳೆ ನೋಡಲು ಅಷ್ಟು ಸಾಕು. ಇಲ್ಲಿ ನೋಡಬೇಕಾದದ್ದು:

ಆರ್‌ಸಿ ಸ್ಥಿತಿ ‘ಆ್ಯಕ್ಟಿವ್’ ಇರಬೇಕು. ‘ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಶ್ಯೂಡ್’ ಎಂದಿದ್ದರೆ ಗಾಡಿ ಆ ಆರ್‌ಟಿಒ ಕೈಯಿಂದ ಬಿಟ್ಟು ಹೋಗಿದೆ, ಬೇರೆಡೆ ನೋಂದಣಿ ಆಗಿಲ್ಲ ಎಂದರ್ಥ. ಇಂಥ ಗಾಡಿ ನಡುನೀರಿನಲ್ಲಿರುತ್ತದೆ, ವರ್ಗಾವಣೆ ಸಲೀಸಲ್ಲ. ‘ಬ್ಲ್ಯಾಕ್‌ಲಿಸ್ಟ್’ ಎಂದಿದ್ದರೆ ಪೊಲೀಸ್ ಕೇಸು, ಕೋರ್ಟ್ ಆದೇಶ, ತೆರಿಗೆ ಬಾಕಿ – ಯಾವುದಕ್ಕೂ ಇರಬಹುದು. ಕಾರಣ ಏನೇ ಇರಲಿ, ಅದನ್ನು ಮಾರುವವರು ತೆಗೆಸಿದ ಮೇಲೇ ಮುಂದಿನ ಮಾತು. ‘ನೀವು ಅಡ್ವಾನ್ಸ್ ಕೊಡಿ, ನಾನು ತೆಗೆಸ್ತೀನಿ’ ಎನ್ನುವ ಮಾತಿಗೆ ಬಗ್ಗಬೇಡಿ.

ತಯಾರಿಕೆಯ ತಿಂಗಳು–ವರ್ಷಕ್ಕೂ ನೋಂದಣಿ ದಿನಾಂಕಕ್ಕೂ ಎಷ್ಟು ಅಂತರ ಇದೆ ನೋಡಿ. ಕೆಲವು ತಿಂಗಳು ಸಹಜ. ಒಂದೂವರೆ ವರ್ಷ ಇದ್ದರೆ ಶೋರೂಮಿನಲ್ಲಿ ಮಾರಾಟವಾಗದೆ ನಿಂತಿದ್ದಿರಬಹುದು, ಬೇರೆ ರಾಜ್ಯದಿಂದ ಬಂದು ಮರುನೋಂದಣಿ ಆಗಿದ್ದಿರಬಹುದು. ಕೇಳಿ ತಿಳಿದುಕೊಳ್ಳಿ.

ಎಮಿಷನ್ ಮಾನಕ, ಅಂದರೆ ಹೊಗೆಯ ಮಿತಿ ಹೇಳುವ ಬಿಎಸ್ (ಭಾರತ್ ಸ್ಟೇಜ್) ದರ್ಜೆ ನೋಡುವುದನ್ನು ಬಹಳ ಜನ ಮರೆಯುತ್ತಾರೆ. 2017ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-3, 2020ರ ಏಪ್ರಿಲ್ 1ರಿಂದ ಬಿಎಸ್-4 ಗಾಡಿಗಳ ಮಾರಾಟ ಮತ್ತು ಹೊಸ ನೋಂದಣಿ ನಿಂತಿತು. ಆ ದಿನಗಳ ನಂತರ ಮೊದಲ ಬಾರಿ ನೋಂದಣಿಯಾದ ಗಾಡಿಯ ಮುಂದೆ ಹಳೇ ಮಾನಕ ಇದ್ದರೆ, ಗಡುವಿಗೆ ಮುಂಚೆಯೇ ಮಾರಾಟವಾಗಿತ್ತು ಎನ್ನುವುದಕ್ಕೆ ಶೋರೂಂ ಇನ್‌ವಾಯ್ಸ್ ಬೇಕೇ ಬೇಕು. ಇಂಥ ನೋಂದಣಿ ಮುಂದೊಂದು ದಿನ ರದ್ದಾದರೆ ಗಾಡಿ ಅಂಗಳದ ಅಲಂಕಾರಕ್ಕಷ್ಟೇ.

ಇದರ ಜೊತೆಗೇ ಇ-ಚಲನ್ ಜಾಲತಾಣದಲ್ಲಿ ದಂಡ ಬಾಕಿ ನೋಡಿ. ಕರ್ನಾಟಕದ ಗಾಡಿಯಾದರೆ ಕರ್ನಾಟಕ ಒನ್ ತಾಣದಲ್ಲೂ, ಬೆಂಗಳೂರಿನಲ್ಲಿ ಓಡಿದ್ದಾದರೆ ಸಂಚಾರ ಪೊಲೀಸರ ಆ್ಯಪ್‌ನಲ್ಲೂ ನೋಡಿ. ಒಂದು ಕಡೆ ಸೊನ್ನೆ ತೋರಿಸಿದ್ದು ಇನ್ನೊಂದು ಕಡೆ ಸಾವಿರಾರು ರೂಪಾಯಿ ತೋರಿಸಬಹುದು. ಚಲನ್ ಪಟ್ಟಿಯಲ್ಲಿ ಇನ್ನೊಂದು ಸುಳಿವೂ ಸಿಗುತ್ತದೆ: ಕ್ಯಾಮರಾ ಹಿಡಿದ ಫೋಟೊದಲ್ಲಿರುವ ಗಾಡಿಯ ಬಣ್ಣ, ಮಾಡೆಲ್ ನಿಮ್ಮ ಮುಂದಿರುವ ಗಾಡಿಗೆ ಹೊಂದದಿದ್ದರೆ ಅದೇ ನಂಬರ್ ಪ್ಲೇಟಿನ ಇನ್ನೊಂದು ಗಾಡಿ ಎಲ್ಲೋ ಓಡಾಡುತ್ತಿದೆ. ಅಸಲಿ ಯಾವುದು, ನಕಲಿ ಯಾವುದು ಎಂದು ತೀರ್ಮಾನವಾಗುವವರೆಗೆ ಕೊಳ್ಳಬೇಡಿ.

ಕಬ್ಬಿಣದ ಮೇಲಿನ ನಂಬರ್

ಹಗಲು ಬೆಳಕಿನಲ್ಲೇ ಹೋಗಿ. ಜೊತೆಗೆ ಟಾರ್ಚ್, ಚಿಕ್ಕ ಕನ್ನಡಿ, 15 ಸೆಂಟಿಮೀಟರಿನ ಸ್ಟೀಲ್ ಸ್ಕೇಲ್, ತೆಳು ಕಾಗದ, ಮೆದು ಪೆನ್ಸಿಲ್ (2ಬಿ ಸಾಕು), ಫ್ರಿಜ್ ಮೇಲೆ ಅಂಟಿಸುವಂಥ ತೆಳು ಅಯಸ್ಕಾಂತ, ಒರೆಸುವ ಬಟ್ಟೆ ಇರಲಿ.

ಕಾರುಗಳಲ್ಲಿ ಛಾಸಿ ನಂಬರನ್ನು ಎಂಜಿನ್ ಕೋಣೆಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯ ಮೇಲೆ, ಇಲ್ಲವೇ ಮುಂದಿನ ಸೀಟಿನ ಬುಡದಲ್ಲಿ ಕಾರ್ಪೆಟ್ ಕೆಳಗೆ ಹೊಡೆದಿರುತ್ತಾರೆ. ಕಾರ್ಪೆಟ್ಟಿನಲ್ಲಿ ಅದಕ್ಕೆಂದೇ ಕತ್ತರಿಸಿದ ಚಿಕ್ಕ ಮುಚ್ಚಳ ಇರುತ್ತದೆ. ಬೈಕುಗಳಲ್ಲಿ ಹ್ಯಾಂಡಲ್ ತಿರುಗುವ ಸ್ಟೀರಿಂಗ್ ಹೆಡ್ ಕೊಳವೆಯ ಮೇಲೆ ನೋಡಿ. ಎಂಜಿನ್ ನಂಬರ್ ಕ್ರ್ಯಾಂಕ್‌ಕೇಸ್ ಮೇಲಿರುತ್ತದೆ. ಸ್ಕೂಟರಿನಲ್ಲಿ ಮಾಡೆಲಿನಿಂದ ಮಾಡೆಲಿಗೆ ಜಾಗ ಬೇರೆ, ಮಾಲೀಕರ ಕೈಪಿಡಿಯಲ್ಲಿ ಚಿತ್ರ ಇರುತ್ತದೆ. ಇವಿ ಆದರೆ ಎಂಜಿನ್ ನಂಬರಿನ ಜಾಗದಲ್ಲಿ ಮೋಟರ್ ನಂಬರ್.

ನಂಬರಿನ 17 ಅಕ್ಷರಗಳನ್ನೂ ಆರ್‌ಸಿ ಜೊತೆ ಒಂದೊಂದಾಗಿ ಓದಿ ತಾಳೆ ನೋಡಿ. ಕೊನೆಯ ನಾಲ್ಕೈದು ಅಂಕೆ ನೋಡಿ ಬಿಡುವ ಅಭ್ಯಾಸವೇ ಮೋಸಗಾರರ ಬಂಡವಾಳ. ಒಬ್ಬರು ಆರ್‌ಸಿ ಹಿಡಿದು ಓದಲಿ, ಇನ್ನೊಬ್ಬರು ಲೋಹದ ಮೇಲೆ ಬೆರಳಿಟ್ಟು ನೋಡಲಿ. ಒಂದಕ್ಷರ ತಪ್ಪಿದ್ದರೆ? ಆರ್‌ಟಿಒ ಟೈಪಿಂಗ್ ತಪ್ಪೂ ಆಗಿರಬಹುದು, ಆದರೆ ಅದನ್ನು ತಿದ್ದಿಸುವ ಕೆಲಸ ಮಾರುವವರದು, ಮಾರಾಟಕ್ಕೆ ಮುಂಚೆ.

ಈಗ ನಂಬರನ್ನು ಹೊಡೆದಿರುವ ರೀತಿ ನೋಡಿ. ಕಾರ್ಖಾನೆಯಲ್ಲಿ ಯಂತ್ರ ಹೊಡೆಯುತ್ತದೆ: ಅಕ್ಷರಗಳ ಎತ್ತರ, ಆಳ, ನಡುವಿನ ಜಾಗ ಒಂದೇ ಸಮ, ಸಾಲು ನೇರ. ಕೆಲವು ಕಂಪನಿಗಳ ನಂಬರ್ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ, ಆಗ ಪ್ರತಿ ಅಕ್ಷರವೂ ಚುಕ್ಕಿಯಲ್ಲೇ ಇರಬೇಕು. ಸುತ್ತಿಗೆ, ಪಂಚ್ ಹಿಡಿದು ಕೈಯಲ್ಲಿ ಹೊಡೆದದ್ದು ಒಂದು ಅಕ್ಷರ ಆಳ, ಇನ್ನೊಂದು ಮೇಲೆಮೇಲೆ, ಮೂರನೆಯದು ಚೂರು ವಾಲಿರುತ್ತದೆ. ಇಡೀ ನಂಬರ್ ಬದಲಿಸುವ ಶ್ರಮ ಯಾಕೆಂದು ಕೆಲವರು ಗೆರೆ ಸೇರಿಸಿ ಅಂಕೆ ಬದಲಿಸುತ್ತಾರೆ: 3 ಅಥವಾ 6 ಇದ್ದದ್ದು 8 ಆಗುತ್ತದೆ, 1 ಇದ್ದದ್ದು 4 ಅಥವಾ 7 ಆಗುತ್ತದೆ, 5 ಇದ್ದದ್ದು 6 ಆಗುತ್ತದೆ, ಇಂಗ್ಲಿಷಿನ ‘ಎಫ್’ ‘ಇ’ ಆಗುತ್ತದೆ, ‘ಪಿ’ ‘ಆರ್’ ಆಗುತ್ತದೆ. ನಂಬರಿನಲ್ಲಿ ಇಂಥ ಅಂಕೆ ಕಂಡಾಗ ಅದೇ ಅಂಕೆ ಇನ್ನೊಂದು ಕಡೆ ಇದೆಯೇ ಹುಡುಕಿ, ಎರಡರ ಆಕಾರ ಹೋಲಿಸಿ. ಒಂದೇ ನಂಬರಿನಲ್ಲಿ ಎರಡು ಬಗೆಯ 8 ಇರುವುದು ಸಾಧ್ಯವಿಲ್ಲ.

ಸ್ಟೀಲ್ ಸ್ಕೇಲನ್ನು ನಂಬರಿನ ಮೇಲೆ ಅಂಚು ತಾಗುವಂತೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಗ್ರೈಂಡ್ ಮಾಡಿದ ಜಾಗದಲ್ಲಿ ಲೋಹ ತುಸು ತಗ್ಗಿರುವುದರಿಂದ ಸ್ಕೇಲಿನ ಕೆಳಗೆ ಬೆಳಕು ಸೋರುತ್ತದೆ. ಆಮೇಲೆ ಅಯಸ್ಕಾಂತ ಇಟ್ಟು ಸರಿಸಿ. ಪುಟ್ಟಿ ಮೆತ್ತಿದ ಕಡೆ ಹಿಡಿತ ಸಡಿಲವಾಗುತ್ತದೆ. ನಂಬರ್ ಇರುವ ತಗಡನ್ನೇ ಚೌಕವಾಗಿ ಕತ್ತರಿಸಿ ಬೇರೆ ಗಾಡಿಯ ತಗಡು ಬೆಸೆಯುವುದೂ ಉಂಟು. ಅದು ಮುಂಭಾಗದಿಂದ ಬಣ್ಣದಡಿ ಅಡಗುತ್ತದೆ, ಹಿಂಭಾಗದಿಂದ ಅಡಗುವುದು ಕಷ್ಟ. ಕನ್ನಡಿ ಹಿಡಿದು ಆ ತಗಡಿನ ಹಿಂಬದಿ ನೋಡಿ: ಕಾರ್ಖಾನೆಯ ಸ್ಪಾಟ್ ವೆಲ್ಡ್ ಸಮ ಅಂತರದ ದುಂಡು ಗುಳಿಗಳಾಗಿರುತ್ತದೆ, ಗ್ಯಾರೇಜಿನ ವೆಲ್ಡಿಂಗ್ ಉದ್ದುದ್ದ ಹುಳುವಿನಂತೆ ಉಬ್ಬಿರುತ್ತದೆ, ಸುತ್ತ ಬಣ್ಣ ಸುಟ್ಟಿರುತ್ತದೆ.

ತುಕ್ಕು ಹಿಡಿದು ನಂಬರ್ ಓದಲಾಗದ ಗಾಡಿಗಳೂ ಇವೆ, ಕರಾವಳಿಯ ಉಪ್ಪುಗಾಳಿಯಲ್ಲಿ ಓಡಿದವುಗಳಲ್ಲಿ ಹೆಚ್ಚು. ಅದು ಅಪರಾಧವಲ್ಲ. ಆದರೆ ಸುತ್ತಲಿನ ಲೋಹವೂ ಅಷ್ಟೇ ತುಕ್ಕು ಹಿಡಿದಿರಬೇಕು. ಸುತ್ತ ಹೊಳೆಯುವ ಬಣ್ಣ, ನಂಬರಿನ ಮೇಲೆ ಮಾತ್ರ ತುಕ್ಕು ಎಂದರೆ ಆ್ಯಸಿಡ್ ಸುರಿದ ಕೆಲಸ.

ಪೆನ್ಸಿಲ್ ಟ್ರೇಸಿಂಗ್

ಆರ್‌ಟಿಒ ಅರ್ಜಿಗಳಿಗೆ ಛಾಸಿ ಪ್ರಿಂಟ್ ಅಂಟಿಸುವ ಪದ್ಧತಿ ಗೊತ್ತಿರುವವರಿಗೆ ಇದು ಹೊಸದಲ್ಲ. ಅದನ್ನೇ ನಿಮ್ಮ ಪರೀಕ್ಷೆಗೂ ಬಳಸಿ. ನಂಬರಿನ ಮೇಲಿನ ಗ್ರೀಸು, ಧೂಳು ಒರೆಸಿ. ತೆಳು ಕಾಗದ ಇಟ್ಟು ಎರಡು ತುದಿಗೂ ಟೇಪ್ ಹಾಕಿ, ಕಾಗದ ಜರುಗಿದರೆ ಅಕ್ಷರ ಎರಡೆರಡಾಗಿ ಮೂಡುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿಯದೆ ಮಲಗಿಸಿ, ಸೀಸದ ಪಕ್ಕದಿಂದ ಎಡದಿಂದ ಬಲಕ್ಕೆ ಹಗುರವಾಗಿ ಉಜ್ಜುತ್ತಾ ಹೋಗಿ. ಅಕ್ಷರ ಬಿಳಿಯಾಗಿ, ಸುತ್ತ ಬೂದಾಗಿ ಮೂಡುತ್ತದೆ.

ಕಣ್ಣಿಗೆ ಕಾಣದ ಹಳೇ ಗೆರೆಗಳು ಇಲ್ಲಿ ಬಯಲಾಗಬಹುದು. ಉಜ್ಜಿ ತೆಗೆದ ಅಂಕೆಯ ನೆರಳು, ಫೈಲ್ ಹಾಕಿದ ಓರೆ ಗೀರುಗಳು ಕಾಗದದ ಮೇಲೆ ಎದ್ದು ಬರುತ್ತವೆ. ಮಾಲೀಕರ ಬಳಿ ಹಳೇ ಸಾಲದ ಅಥವಾ ವಿಮೆಯ ಕಡತದಲ್ಲಿ ಗಾಡಿ ಹೊಸದಿದ್ದಾಗ ತೆಗೆದ ಛಾಸಿ ಪ್ರಿಂಟ್ ಇದ್ದರೆ ಅದೇ ಚಿನ್ನ: ಎರಡನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಅಕ್ಷರಗಳ ನಡುವಿನ ಅಂತರ ಕೂದಲೆಳೆಯಷ್ಟು ಸಹ ತಪ್ಪಬಾರದು.

17 ಅಕ್ಷರಗಳು ಹೇಳುವ ಕಥೆ

ಛಾಸಿ ನಂಬರಿನಲ್ಲಿ ಇಂಗ್ಲಿಷಿನ ‘ಐ’, ‘ಒ’, ‘ಕ್ಯೂ’ ಅಕ್ಷರಗಳು ಬರುವುದೇ ಇಲ್ಲ, 1 ಮತ್ತು 0 ಜೊತೆ ಗೊಂದಲ ಆಗದಿರಲೆಂದು. ಎಲ್ಲಾದರೂ ‘ಒ’ ಕಂಡರೆ ಅದು ಸೊನ್ನೆ, ಇಲ್ಲವೇ ನಕಲಿ.

ಮೊದಲ ಮೂರು ಅಕ್ಷರ ತಯಾರಕರ ಗುರುತು. ಭಾರತದಲ್ಲಿ ತಯಾರಾದ ಬಹುತೇಕ ಗಾಡಿಗಳದ್ದು ‘ಎಂ’ ಅಕ್ಷರದಿಂದ ಶುರುವಾಗುತ್ತದೆ. ‘ಎಂಎ3’ ಮಾರುತಿ ಸುಜುಕಿ, ‘ಎಂಎಎಲ್’ ಹುಂಡೈ, ‘ಎಂಎಟಿ’ ಟಾಟಾ ಮೋಟರ್ಸ್, ‘ಎಂಎ1’ ಮಹೀಂದ್ರ, ‘ಎಂಬಿಜೆ’ ಟೊಯೋಟಾ ಕಿರ್ಲೋಸ್ಕರ್. ಬೈಕುಗಳಲ್ಲಿ ‘ಎಂಬಿಎಲ್’ ಹೀರೊ, ‘ಎಂಡಿ2’ ಬಜಾಜ್, ‘ಎಂಡಿ6’ ಟಿವಿಎಸ್, ‘ಎಂಇ3’ ರಾಯಲ್ ಎನ್‌ಫೀಲ್ಡ್, ‘ಎಂಇ4’ ಹೋಂಡಾ. ಹೀರೊ ಬೈಕಿನ ಮೇಲೆ ‘ಎಂಡಿ2’ ಇದ್ದರೆ ಮುಂದೆ ನೋಡುವ ಅಗತ್ಯವೇ ಇಲ್ಲ.

ಹೆಚ್ಚಿನ ತಯಾರಕರು 10ನೇ ಅಕ್ಷರದಲ್ಲಿ ವರ್ಷ ಹೇಳುತ್ತಾರೆ. 2001ರಿಂದ 2009ರವರೆಗೆ 1ರಿಂದ 9, 2010ಕ್ಕೆ ‘ಎ’. ಅಲ್ಲಿಂದ ಕ್ರಮವಾಗಿ ಬಂದು 2015 ‘ಎಫ್’, 2017 ‘ಎಚ್’. ‘ಐ’ ಬಿಟ್ಟು 2018 ‘ಜೆ’, 2020 ‘ಎಲ್’, 2022 ‘ಎನ್’. ‘ಒ’ ಬಿಟ್ಟು 2023 ‘ಪಿ’. ‘ಕ್ಯೂ’ ಬಿಟ್ಟು 2024 ‘ಆರ್’, 2025 ‘ಎಸ್’. ಆರ್‌ಸಿಯಲ್ಲಿ ತಯಾರಿಕೆ 2019 ಎಂದಿದ್ದು 10ನೇ ಅಕ್ಷರ ‘ಇ’ ಇದ್ದರೆ, ಅಂದರೆ 2014, ಜೋರಾಗಿ ಗಂಟೆ ಬಾರಿಸಬೇಕು. ಒಂದು ವರ್ಷದ ವ್ಯತ್ಯಾಸ ತಪ್ಪಲ್ಲ, ಕೆಲವರು ಮಾಡೆಲ್ ವರ್ಷ ಹಾಕುತ್ತಾರೆ. ಎಲ್ಲ ತಯಾರಕರೂ, ಅದರಲ್ಲೂ ಹಳೇ ದ್ವಿಚಕ್ರ ವಾಹನಗಳಲ್ಲಿ, ಇದೇ ಜಾಗ ಬಳಸಿಲ್ಲ ಎನ್ನುವುದೂ ನೆನಪಿರಲಿ. ಈ ಒಂದೇ ಕಾರಣಕ್ಕೆ ಗಾಡಿ ತಿರಸ್ಕರಿಸುವ ಬದಲು ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಸರ್ವಿಸ್ ಸೆಂಟರಿಗೆ ಮಾಲೀಕರ ಜೊತೆಗೇ ಹೋಗುವುದು ಒಳ್ಳೆಯದು. ಅಲ್ಲಿನ ಕಂಪ್ಯೂಟರಿನಲ್ಲಿ ಛಾಸಿ ನಂಬರಿಗೆ ಸೇರಿದ ಎಂಜಿನ್ ನಂಬರ್, ಮೂಲ ಬಣ್ಣ, ವೇರಿಯಂಟ್, ಮಾರಾಟದ ದಿನಾಂಕ, ಪ್ರತಿ ಸರ್ವಿಸಿನ ಕಿಲೋಮೀಟರ್ ಇರುತ್ತದೆ. ಕಿಲೋಮೀಟರ್ ತಿರುಗಿಸಿದ್ದು ಗೊತ್ತಾಗುವುದೂ ಇಲ್ಲೇ: ಮೂರು ವರ್ಷದ ಹಿಂದೆ 78,000 ಇದ್ದದ್ದು ಇಂದು 52,000 ಆಗಲು ಸಾಧ್ಯವಿಲ್ಲ. ಈಚಿನ ಕಾರುಗಳಲ್ಲಿ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದುವ ಸಾಧನ) ಚುಚ್ಚಿ ಎಂಜಿನ್ ಕಂಪ್ಯೂಟರಿನಲ್ಲಿರುವ ಛಾಸಿ ನಂಬರನ್ನೂ ಓದಿಸಿ. ಲೋಹದ ಮೇಲೆ ಒಂದು, ಕಂಪ್ಯೂಟರಿನಲ್ಲಿ ಇನ್ನೊಂದು ಬಂದರೆ ಒಂದೋ ಇಸಿಯು, ಅಂದರೆ ಆ ಎಂಜಿನ್ ಕಂಪ್ಯೂಟರ್, ಬದಲಿಸಿದ್ದಾರೆ, ಇಲ್ಲವೇ ನಂಬರ್ ಬದಲಿಸಿದ್ದಾರೆ. ಇಸಿಯು ಬದಲಿಸಿದ್ದರೆ ಬಿಲ್ ಇರುತ್ತದೆ.

ಎಂಜಿನ್ ನಂಬರ್ ಮಾತ್ರ ಹೊಂದದಿದ್ದರೆ ಅದು ಬೇರೆ ವಿಷಯ. ಎಂಜಿನ್ ಸೀಜ್ ಆಗಿ ಬದಲಿಸಿರಬಹುದು. ಆದರೆ ಹಾಗೆ ಬದಲಿಸಿದ್ದನ್ನು ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ದಾಖಲಿಸಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಅದನ್ನೇ. ದಾಖಲಿಸದಿದ್ದರೆ ಆ ಎಂಜಿನ್ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನಾಳೆ ನೀವೇ ಉತ್ತರಿಸಬೇಕಾಗುತ್ತದೆ.

ನಂಬರ್ ಪ್ಲೇಟ್ ಮತ್ತು ಉಳಿದ ದಿನಾಂಕಗಳು

2019ರ ಏಪ್ರಿಲ್ 1ರಿಂದ ತಯಾರಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ಪ್ಲೇಟ್ ಕಂಪನಿಯಿಂದಲೇ ಬರುತ್ತದೆ. ಅದಕ್ಕೂ ಹಿಂದಿನವಕ್ಕೆ ಆಮೇಲೆ ಹಾಕಿಸಿಕೊಳ್ಳಬೇಕು. ಅಸಲಿ ಪ್ಲೇಟಿನ ಎಡ ಮೇಲ್ಮೂಲೆಯಲ್ಲಿ ಅಶೋಕ ಚಕ್ರದ ಕ್ರೋಮಿಯಂ ಹಾಲೊಗ್ರಾಮ್, ಎಡ ಕೆಳಮೂಲೆಯಲ್ಲಿ ಲೇಸರಿನಲ್ಲಿ ಕೊರೆದ ಸಂಖ್ಯೆ, ಅಕ್ಷರಗಳ ಮೇಲೆ ಓರೆಯಾಗಿ ‘ಇಂಡಿಯಾ’ ಎಂಬ ಬರಹ ಇರುತ್ತದೆ. ಸ್ನ್ಯಾಪ್ ಲಾಕ್ ಒಮ್ಮೆ ಹಾಕಿದರೆ ಮುರಿಯದೆ ಬಿಚ್ಚಲು ಬರುವುದಿಲ್ಲ. ಅಲ್ಲಿ ಮಾಮೂಲಿ ನಟ್ಟು ಬೋಲ್ಟು ಕಂಡರೆ ಪ್ಲೇಟು ಯಾಕೆ ಬಿಚ್ಚಿದ್ದಿರಿ ಎಂದು ಕೇಳಿ. ಕಾರಿನ ಮುಂಗಾಜಿನ ಒಳಬದಿಯ ಸ್ಟಿಕ್ಕರ್ ಪೆಟ್ರೋಲ್, ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕೇಸರಿ. ಅದರ ಮೇಲಿನ ನೋಂದಣಿ ಸಂಖ್ಯೆ, ಲೇಸರ್ ಸಂಖ್ಯೆ ಪ್ಲೇಟಿಗೆ ಹೊಂದಬೇಕು. ಬಿಎಸ್-6 ಗಾಡಿಯಾದರೆ ಸ್ಟಿಕ್ಕರಿನ ಮೇಲ್ತುದಿಯಲ್ಲಿ ಹಸಿರು ಪಟ್ಟಿ.

ಗಾಜುಗಳ ಮೂಲೆಯಲ್ಲಿ ತಯಾರಿಕೆ ವರ್ಷದ ಅಂಕೆ, ಸೀಟ್ ಬೆಲ್ಟಿನ ಬುಡದ ಬಟ್ಟೆ ಚೀಟಿಯಲ್ಲಿ ದಿನಾಂಕ ಇರುತ್ತದೆ. ಇವೆಲ್ಲ ಗಾಡಿಯ ತಯಾರಿಕೆಗಿಂತ ತುಸು ಮುಂಚಿನವಾಗಿರಬೇಕು. ಒಂದು ಬಾಗಿಲಿನ ಗಾಜು ಹೊಸದಿದ್ದರೆ ಆ ಬಾಗಿಲಿಗೆ ಪೆಟ್ಟು ಬಿದ್ದಿದೆ ಎಂದಷ್ಟೇ. ಎಲ್ಲ ಗಾಜು, ಎಲ್ಲ ಬೆಲ್ಟ್ 2017ರವು, ಆರ್‌ಸಿ ಮಾತ್ರ 2014 ಎನ್ನುತ್ತಿದ್ದರೆ ಮೇಲೆ ಹೇಳಿದ ಗುಜರಿ ವಿದ್ಯೆ ನಿಮ್ಮ ಕಣ್ಮುಂದೆಯೇ ನಿಂತಿದೆ.

ಸಾಲ, ಕಳವು, ವಿಮೆ

ಆರ್‌ಸಿಯಲ್ಲಿ ಹಣಕಾಸು ಸಂಸ್ಥೆಯ ಹೆಸರಿದ್ದರೆ ಗಾಡಿಯ ಮೇಲೆ ಎಚ್‌ಪಿ (ಹೈಪಾಥಿಕೇಶನ್, ಅಂದರೆ ಸಾಲದ ಅಡಮಾನ) ಇದೆ. ‘ಲೋನ್ ಮುಗಿದು ವರ್ಷ ಆಯ್ತು’ ಎನ್ನುವ ಮಾತಿಗೆ ಬೆಲೆ ಇಲ್ಲ. ಬೇಕಾದದ್ದು ಬ್ಯಾಂಕಿನ ಸಹಿ–ಮೊಹರಿರುವ, ಎಚ್‌ಪಿ ತೆಗೆಸುವ ಫಾರ್ಮ್ 35ರ ಎರಡು ಪ್ರತಿ ಮತ್ತು ಎನ್‌ಒಸಿ. ಎನ್‌ಒಸಿ ಮೇಲೆ ಸಾಮಾನ್ಯವಾಗಿ ಮೂರು ತಿಂಗಳ ಅವಧಿ ಬರೆದಿರುತ್ತದೆ, ಹಳೆಯದಾದರೆ ಹೊಸದು ತರಿಸಬೇಕು. ಪತ್ರದ ಮೇಲಿರುವ ಫೋನ್ ನಂಬರಿಗೆ ಕರೆ ಮಾಡಿ ವಿಚಾರಿಸಬೇಡಿ. ಶಾಖೆಯ ನಂಬರನ್ನು ನೀವೇ ಹುಡುಕಿ ಕೇಳಿ. ಒಳ್ಳೆಯ ದಾರಿ ಎಂದರೆ ಮಾರುವವರೇ ಎಚ್‌ಪಿ ಕ್ಯಾನ್ಸಲ್ ಮಾಡಿಸಿ, ಆ್ಯಪ್‌ನಲ್ಲಿ ಹೆಸರು ಹೋದ ಮೇಲೆ ವ್ಯವಹಾರ.

ಸ್ಮಾರ್ಟ್ ಕಾರ್ಡ್ ಆರ್‌ಸಿ ಈಗಿನ ಮಾಲೀಕರನ್ನಷ್ಟೇ ತೋರಿಸುತ್ತದೆ. ಹಿಂದಿನ ಚರಿತ್ರೆ ಬೇಕೆಂದರೆ ಗಾಡಿ ನೋಂದಣಿಯಾದ ಆರ್‌ಟಿಒದಿಂದ ಬಿ-ಎಕ್ಸ್‌ಟ್ರ್ಯಾಕ್ಟ್ ತೆಗೆಸಿ. ಎಷ್ಟು ಕೈ ಬದಲಾಗಿದೆ, ಯಾವಾಗ ಸಾಲ ಹತ್ತಿತ್ತು, ಇಳಿಯಿತು, ತೆರಿಗೆ ಎಲ್ಲಿಯವರೆಗೆ ಎಂಬುದು ಅದರಲ್ಲಿ ಬರುತ್ತದೆ. ‘ಫಸ್ಟ್ ಓನರ್’ ಎಂದು ಬೋರ್ಡ್ ಹಾಕಿದ ಗಾಡಿ ಮೂರನೇ ಕೈ ಎಂದು ಗೊತ್ತಾಗುವುದು ಹೆಚ್ಚಾಗಿ ಇಲ್ಲೇ.

ಕಳವಿನ ದೂರು ಇದೆಯೇ ಎಂದು ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ ಸಮನ್ವಯ’ ವ್ಯವಸ್ಥೆ ಇದೆ. ಡಿಜಿಟಲ್ ಪೊಲೀಸ್ ಪೋರ್ಟಲಿನಲ್ಲಿ ನೋಂದಣಿ ಸಂಖ್ಯೆ, ಛಾಸಿ ಮತ್ತು ಎಂಜಿನ್ ನಂಬರ್ ಕೊಟ್ಟರೆ ವಾಹನ ಎನ್‌ಒಸಿ ಸಿಗುತ್ತದೆ. ಲೋಹದ ಮೇಲೆ ನೀವು ಓದಿದ ನಂಬರನ್ನೇ ಹಾಕಿ, ಆರ್‌ಸಿ ನೋಡಿ ಬರೆದುಕೊಂಡದ್ದನ್ನಲ್ಲ. ಅದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ನಾಳೆ ಏನಾದರೂ ಆದರೆ ನೀವು ಎಚ್ಚರ ವಹಿಸಿದ್ದಿರಿ ಎನ್ನುವುದಕ್ಕೆ ಅದೊಂದು ದಾಖಲೆ.

ವಿಮಾ ಪಾಲಿಸಿಯಲ್ಲಿ ಎಲ್ಲರೂ ಕೊನೆಯ ದಿನಾಂಕ ನೋಡುತ್ತಾರೆ. ಅದಕ್ಕಿಂತ ಮಾತನಾಡುವ ಅಂಕಿ ನೋ ಕ್ಲೇಮ್ ಬೋನಸ್. ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ 20%, ಆಮೇಲೆ 25, 35, 45, ಐದು ವರ್ಷಕ್ಕೆ 50%. ಒಬ್ಬರೇ ಮಾಲೀಕರ ಏಳು ವರ್ಷದ ಕಾರು, ‘ಒಂದು ಗೀರೂ ಬಿದ್ದಿಲ್ಲ’ ಎನ್ನುತ್ತಾರೆ, ಪಾಲಿಸಿಯಲ್ಲಿ ಬೋನಸ್ ಸೊನ್ನೆ! ಹಿಂದಿನ ವರ್ಷ ಕ್ಲೇಮ್ ಆಗಿದೆ, ಇಲ್ಲವೇ ವಿಮೆ 90 ದಿನಕ್ಕಿಂತ ಹೆಚ್ಚು ಕಾಲ ತಪ್ಪಿಹೋಗಿತ್ತು. ಏನು ರಿಪೇರಿ, ಎಷ್ಟು ಮೊತ್ತ ಎಂದು ಕೇಳುವ ಹಕ್ಕು ಆಗ ನಿಮಗೆ ಬರುತ್ತದೆ. ಅಂದಹಾಗೆ, ಈ ಬೋನಸ್ ಮಾಲೀಕರದ್ದು, ಗಾಡಿಯದ್ದಲ್ಲ. ಅದು ನಿಮಗೆ ಬರುವುದಿಲ್ಲ. ಮಾರುವವರು ಇತ್ತೀಚೆಗೆ ಕೊಂಡವರಾಗಿದ್ದರೆ ಸೊನ್ನೆ ಇರುವುದು ಸಹಜ.

ವಿಶೇಷ ಸಂದರ್ಭಗಳು

*ಬೇರೆ ರಾಜ್ಯದ ಗಾಡಿ.* ದೆಹಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಮೇಲೆ ಬಿದ್ದ ನಿರ್ಬಂಧದಿಂದ ಅಲ್ಲಿನ ಗಾಡಿಗಳು ಅಗ್ಗಕ್ಕೆ ದಕ್ಷಿಣಕ್ಕೆ ಬರುತ್ತವೆ. ಫಾರ್ಮ್ 28ರಲ್ಲಿ ಮೂಲ ಆರ್‌ಟಿಒ ಕೊಟ್ಟ ಎನ್‌ಒಸಿ ನಿಮ್ಮ ಊರಿನ ಆರ್‌ಟಿಒ ಹೆಸರಿಗೇ ಇರಬೇಕು. ಮಂಗಳೂರಿಗೆ ಬರೆಸಿದ ಎನ್‌ಒಸಿ ಹಿಡಿದು ಹುಬ್ಬಳ್ಳಿಗೆ ಹೋದರೆ ಕೆಲಸ ಆಗದು. ಹೊಸ ನಂಬರಿಗೆ ಫಾರ್ಮ್ 27. ಇಲ್ಲಿ ಜೀವಾವಧಿ ತೆರಿಗೆ ಹೊಸದಾಗಿ ಕಟ್ಟಬೇಕು, ಗಾಡಿಯ ವಯಸ್ಸಿನ ಮೇಲೆ ದರ ಇಳಿಯುತ್ತದೆ. ಆ ತೆರಿಗೆ ಎಷ್ಟೆಂದು ಆರ್‌ಟಿಒದಲ್ಲಿ ಮೊದಲೇ ಲೆಕ್ಕ ಹಾಕಿಸಿ ಬೆಲೆ ಮಾತನಾಡಿ. ‘ಅಗ್ಗ’ ಎನ್ನುವುದು ಹೆಚ್ಚಿನ ಸಲ ಅಲ್ಲೇ ಕರಗುತ್ತದೆ. ‘ಹಳೇ ನಂಬರಲ್ಲೇ ಓಡಿಸಿ’ ಎನ್ನುವವರನ್ನು ನಂಬಬೇಡಿ, 12 ತಿಂಗಳು ಮೀರಿ ಇನ್ನೊಂದು ರಾಜ್ಯದಲ್ಲಿಟ್ಟರೆ ಮರುನೋಂದಣಿ ಕಡ್ಡಾಯ.

*ಬಿಎಚ್ ಸರಣಿ.* ರಾಜ್ಯ ಬದಲಾದರೂ ಮರುನೋಂದಣಿ ಬೇಡದ ‘ಭಾರತ್’ ನಂಬರ್ ಇದು. ತೆರಿಗೆ ಕಂತಿನಲ್ಲಿ ಕಟ್ಟಿರುತ್ತಾರೆ, ಎಲ್ಲಿಯವರೆಗೆ ಕಟ್ಟಿದ್ದಾರೆ ನೋಡಿ. ಆ ಸರಣಿಗೆ ನೀವು ಅರ್ಹರಲ್ಲದಿದ್ದರೆ ಕರ್ನಾಟಕದ ಸಾಮಾನ್ಯ ನಂಬರಿಗೆ ಬದಲಾಯಿಸುವ ಖರ್ಚು ಸೇರುತ್ತದೆ.

*ಯೆಲ್ಲೋ ಬೋರ್ಡಿನಿಂದ ವೈಟ್ ಬೋರ್ಡಿಗೆ ಬಂದ ಕಾರು.* ಕಾನೂನುಬಾಹಿರವಲ್ಲ, ಆದರೆ ಎಷ್ಟು ಓಡಿದೆ ಎಂದು ದೇವರಿಗೇ ಗೊತ್ತು. ಬಿ-ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಗೊತ್ತಾಗುತ್ತದೆ.

*ಸಿಎನ್‌ಜಿ ಕಿಟ್.* ಆರ್‌ಸಿಯ ಇಂಧನ ಕಾಲಂನಲ್ಲಿ ಸಿಎನ್‌ಜಿ ಸೇರಿರಬೇಕು, ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್ ಆಗಿರಬೇಕು. ಆರ್‌ಸಿಯಲ್ಲಿ ಬರೀ ಪೆಟ್ರೋಲ್ ಎಂದಿದ್ದರೆ ಬೆಂಕಿ ಬಿದ್ದ ದಿನ ವಿಮಾ ಕಂಪನಿ ಮೊದಲು ಕೇಳುವುದು ಅದನ್ನೇ.

*15 ವರ್ಷ ದಾಟಿದ್ದು.* ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಫಾರ್ಮ್ 25 ಹಾಕಿ ಐದೈದು ವರ್ಷಕ್ಕೆ ನವೀಕರಣ. ಕೇಂದ್ರದ ನವೀಕರಣ ಶುಲ್ಕ ಕಾರಿಗೆ 5,000, ಬೈಕಿಗೆ 1,000 ರೂಪಾಯಿ. 2025ರ ತಿದ್ದುಪಡಿಯಿಂದ 20 ವರ್ಷ ಮೀರಿದ ಕಾರಿಗೆ 10,000, ಬೈಕಿಗೆ 2,000. ಹಸಿರು ತೆರಿಗೆ ಬೇರೆ. ನೋಂದಣಿ ಮುಗಿದಿರುವ ಗಾಡಿಯನ್ನು ಮಾರುವವರೇ ನವೀಕರಿಸಿ ಕೊಡಲಿ.

*ಮಾಲೀಕರು ತೀರಿಕೊಂಡಿದ್ದರೆ* ಮಕ್ಕಳು ನೇರವಾಗಿ ಮಾರಲಾಗದು. ಮೊದಲು ಫಾರ್ಮ್ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಉಳಿದ ವಾರಸುದಾರರ ಒಪ್ಪಿಗೆ ಇರಬೇಕು. ತೀರಿಕೊಂಡವರ ಸಹಿ ಇರುವ ಫಾರ್ಮ್ 29, 30 (ಮಾಲೀಕತ್ವ ವರ್ಗಾವಣೆಯ ಅರ್ಜಿಗಳು) ಕೈಗಿತ್ತರೆ ಅದು ಫೋರ್ಜರಿ.

ಎದುರಿಗಿರುವ ಮನುಷ್ಯ ಯಾರು?

ಸಹಿ ಮಾಡಿದ ಖಾಲಿ ಫಾರ್ಮ್ 29–30 ಜೊತೆ ಗಾಡಿ ಕೈಯಿಂದ ಕೈಗೆ ಹೋಗುವ ‘ಓಪನ್ ಪೇಪರ್’ ವ್ಯವಹಾರ ನಮ್ಮಲ್ಲಿ ಮಾಮೂಲಿ. ಆರ್‌ಸಿಯಲ್ಲಿರುವ ಮಾಲೀಕರು ಯಾವುದೋ ಊರಿನಲ್ಲಿರುತ್ತಾರೆ, ಮಾರುವವರು ಮೂರನೆಯವರು. ಮಾಲೀಕತ್ವ ವರ್ಗಾವಣೆಗೆ ದಾಖಲೆಯಲ್ಲಿರುವ ಮೊಬೈಲಿಗೆ ಒಟಿಪಿ ಹೋಗುವ ಕಾಲದಲ್ಲಿ ಆ ಮೂಲ ಮಾಲೀಕರು ಸಿಗದಿದ್ದರೆ ಗಾಡಿ ನಿಮ್ಮ ಹೆಸರಿಗೆ ಬರುವುದಿಲ್ಲ. ಹಾಗಾಗಿ ಮಾಲೀಕರನ್ನು ಮುಖಾಮುಖಿ ಭೇಟಿಯಾಗಿ, ಗುರುತಿನ ಚೀಟಿ ನೋಡಿ. ಆರ್‌ಸಿಯ ಪಿಡಿಎಫ್ ಅಥವಾ ಸ್ಕ್ರೀನ್‌ಶಾಟ್ ಒಪ್ಪಬೇಡಿ, ಅವರ ಫೋನಿನಲ್ಲೇ ಡಿಜಿಲಾಕರ್ ತೆರೆದು ತೋರಿಸಲು ಹೇಳಿ. ವಾಹನ್ ದಾಖಲೆಯಲ್ಲಿರುವ ಮೊಬೈಲ್ ಯಾರ ಕೈಯಲ್ಲಿದೆ ಎಂದು ಆಗಲೇ ಖಚಿತ ಮಾಡಿಕೊಳ್ಳಿ.

ಎರಡೂ ಕೀಲಿ ಕೇಳಿ. ಎರಡನೇ ಕೀಲಿ ‘ಕಳೆದುಹೋಗಿದೆ’ ಎನ್ನುವುದು ನಿಜವೂ ಇರಬಹುದು. ಸಾಲ ಕೊಟ್ಟವನ ಬಳಿ ಇರಬಹುದು, ಕದ್ದ ಗಾಡಿಯೂ ಇರಬಹುದು. ಡೂಪ್ಲಿಕೇಟ್ ಆರ್‌ಸಿ ಇದ್ದರೆ ಮೂಲ ಯಾಕೆ ಹೋಯಿತು, ಪೊಲೀಸ್ ದೂರಿನ ಪ್ರತಿ ಎಲ್ಲಿ ಎಂದು ಕೇಳಿ. ಒತ್ತೆ ಇಟ್ಟ ಮೂಲ ಆರ್‌ಸಿ ಬೇರೆಯವರ ಬಳಿ ಇರುವಾಗ ಡೂಪ್ಲಿಕೇಟ್ ತೆಗೆಸಿ ಮಾರುವವರಿದ್ದಾರೆ.

ಡೀಲರ್ ಮೂಲಕ ಕೊಳ್ಳುತ್ತಿದ್ದರೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ಅವರ ಬಳಿ ಫಾರ್ಮ್ 29ಬಿ ಅಧಿಕಾರ ಪತ್ರ ಇರಬೇಕು, ಮಾಲೀಕರು ಗಾಡಿ ಒಪ್ಪಿಸಿದ್ದಕ್ಕೆ ಫಾರ್ಮ್ 29ಸಿ ಸಲ್ಲಿಸಿರಬೇಕು. ಎರಡನ್ನೂ ತೋರಿಸಲು ಹೇಳಿ.

ದುಡ್ಡು ಮತ್ತು ವರ್ಗಾವಣೆ

ಟೋಕನ್ ಕೊಡುವುದಿದ್ದರೆ ಚಿಕ್ಕ ಮೊತ್ತ, ಅದೂ ‘ದಾಖಲೆ ತಾಳೆಯಾಗದಿದ್ದರೆ ವಾಪಸ್’ ಎಂದು ಬರೆಸಿ. ಉಳಿದದ್ದು ಆರ್‌ಸಿಯಲ್ಲಿರುವ ಹೆಸರಿನ ಬ್ಯಾಂಕ್ ಖಾತೆಗೇ ಹೋಗಲಿ, ತಮ್ಮನ ಯುಪಿಐಗೆ ಬೇಡ. ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30 ತುಂಬಿಯೇ ಸಹಿ ಹಾಕಿಸಿ. ಡೆಲಿವರಿ ನೋಟ್‌ನಲ್ಲಿ ದಿನಾಂಕದ ಜೊತೆ ಗಂಟೆ–ನಿಮಿಷ, ಕಿಲೋಮೀಟರ್, ಛಾಸಿ ಮತ್ತು ಎಂಜಿನ್ ನಂಬರ್, ಕೊಟ್ಟ ಕೀಲಿಗಳ ಸಂಖ್ಯೆ ಬರೆದು ಇಬ್ಬರೂ ಸಹಿ ಮಾಡಿ. ಗಂಟೆ ಯಾಕೆಂದರೆ, ಅದೇ ದಿನ ಬೆಳಿಗ್ಗೆ ಆ ಗಾಡಿ ಯಾರಿಗಾದರೂ ಗುದ್ದಿದ್ದರೆ ಜವಾಬ್ದಾರಿ ಯಾರದೆಂದು ಅದೇ ಹೇಳಬೇಕು. ಹಳೇ ಫಾಸ್ಟ್ಯಾಗ್ ಅವರು ಮುಚ್ಚಿಸಲಿ.

ಒಂದೇ ರಾಜ್ಯದೊಳಗೆ ಮಾರುವವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಮಾರುವವರು ಉದಾಸೀನ ಮಾಡಿದರೆ ಒಂದು ಮಾತು ನೆನಪಿಸಿ: ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿದೆ. ಸಾಮಾನ್ಯವಾಗಿ ಮರುದಿನವೇ ಒಟಿಪಿ ಕೊಡಲು ಸಿದ್ಧರಾಗುತ್ತಾರೆ. ವಿಮೆ ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಿ, ಆರ್‌ಸಿ ಬರಲಿ ಎಂದು ಕಾಯಬೇಡಿ. ಹೊಸ ಕಾರ್ಡ್ ಬಂದ ದಿನ ಅದರ ಮೇಲಿನ 17 ಅಕ್ಷರಗಳನ್ನು ನಿಮ್ಮ ಪೆನ್ಸಿಲ್ ಪ್ರಿಂಟಿನ ಪಕ್ಕದಲ್ಲಿಟ್ಟು ಇನ್ನೊಮ್ಮೆ ಓದಿ. ತಪ್ಪು ಅಚ್ಚಾಗಿದ್ದರೆ ಅದೇ ವಾರ ಆರ್‌ಟಿಒಗೆ ಹೋಗಿ ತಿದ್ದಿಸಿ, ಆ ಪ್ರಿಂಟನ್ನು ಆರ್‌ಸಿ ಕವರಿನಲ್ಲೇ ಇಡಿ.